ಅಕ್ಷರದ ನಡುವಿನ ಮಸುಕು

ಒಂದು ಅಕ್ಷರ ಚೆನ್ನಾಗಿ ಕೆತ್ತಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ತಿರುಪ್ಪೂರಿನ ಹೊರಗೆ, ಕಾಂಗೇಯಂ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಲೇಸರ್ ಶೆಡ್. ಜೀನ್ಸ್ ಪ್ಯಾಂಟಿನ ಸೊಂಟದ ಹಿಂದೆ ಹೊಲಿಯುವ ಚರ್ಮದ ತುಂಡು, ಟೀ ಶರ್ಟಿನ ಅಂಚಿಗೆ ಕೂರಿಸುವ ಪುಟ್ಟ ಸ್ಟೀಲ್ ಬಿಲ್ಲೆ, ಅಂಗಡಿಯ ಅಕ್ರಿಲಿಕ್ ಫಲಕ, ಇಂಥವುಗಳ ಮೇಲೆ ಹೆಸರು ಗುರುತು ಕೆತ್ತಿ ಕೊಡುತ್ತೇವೆ. ಮಿಷಿನ್ ಓಡಿಸುವವರು ನನ್ನ ಗಂಡ, ನೋಡುವವಳು ನಾನು. ನಾನು ಸರಿ ಎಂದರೆ ಮಾಲು ಹೋಗುತ್ತಿತ್ತು, ಇಲ್ಲ ಎಂದರೆ ಮೂಲೆಗೆ ಬೀಳುತ್ತಿತ್ತು. ಮನೆಯಲ್ಲಿ ನನ್ನ ಮಾತಿಗೆ ಅಷ್ಟಿಷ್ಟು ಬೆಲೆ ಇದ್ದದ್ದೇ ಈ ಕಣ್ಣುಗಳಿಂದ.

ಈಗ ಬಲಗಣ್ಣಿನ ನಟ್ಟನಡುವೆ ಒಂದು ಕಪ್ಪು ಚುಕ್ಕೆ ಕೂತಿದೆ. ಮೂರು ಬಗೆಯ ಲೇಸರ್ ಮಿಷಿನ್‌ಗಳಲ್ಲಿ ಯಾವುದರ ಕೆತ್ತನೆ ಚೆನ್ನ ಎಂದು ಹೋಲಿಸಿ ನೋಡಲು ಹೋಗಿ ಅದು ಬಂತು. ಬಂದದ್ದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹೇಗೆ ಬಂತು ಎಂದು ಹೇಳುತ್ತೇನೆ. ಸಮಾಧಾನವಾಗಿ ಹೇಳುತ್ತೇನೆಂದು ಮಾತ್ರ ಯಾರೂ ತಿಳಿಯಬೇಡಿ.

ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದಲ್ಲಿ, ಮಗ್ಗದ ಸದ್ದಿನ ಬೀದಿಯಲ್ಲಿ. ಮದುವೆಯಾಗಿ ಬಂದದ್ದೂ ನೇಕಾರರ ಮನೆಗೇ. ಇವರು ಎಷ್ಟೋ ತಲೆಮಾರಿನಿಂದ ಈ ಕಡೆ ನೆಲೆನಿಂತ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಎಂದೆನೇ ಹೊರತು, ಬಂದ ಹೊಸದರಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ನಾನು ಗಂಡನನ್ನು "ರೀ" ಎಂದು ಕರೆದರೆ ನಾದಿನಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಕನ್ನಡ ಅಕ್ಷರ ಓದಲು ಈ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಹಾಗಾಗಿ ನಾನು ಇಲ್ಲಿ ಬರೆದದ್ದನ್ನು ಇವರ್ಯಾರೂ ಓದಲಾರರು. ಅದೂ ಒಂದು ಅನುಕೂಲವೇ.

ಮಗ್ಗಗಳನ್ನು ಮಾರಿ ಲೇಸರ್ ಮಿಷಿನ್ ತಂದಾಗ ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ತಾನಾಗಿಯೇ ಶೆಡ್ಡಿಗೆ ಬಂದು ಒಂದು ಸ್ಟೂಲ್ ಹಾಕಿಕೊಂಡು ಕೂತರು. ಮಗ್ಗ ಹೋದರೂ ಮಗ್ಗದ ರೂಢಿ ಹೋಗಲಿಲ್ಲ. ನೇಕಾರರ ಮನೆಯಲ್ಲಿ ಬಟ್ಟೆಯನ್ನು ನೆಯ್ದು ಮುಗಿಸಿದ ಮೇಲೆ ನೋಡುವುದಿಲ್ಲ, ನೆಯ್ಯುತ್ತಿರುವಾಗಲೇ ನೋಡುತ್ತಾರೆ. ಎಳೆ ತುಂಡಾದ ಕ್ಷಣಕ್ಕೇ ಕಣ್ಣಿಗೆ ಬೀಳಬೇಕು. ಒಂದು ಅಂಗುಲ ಮುಂದೆ ಹೋದರೆ ಆ ಸೀರೆ ಕೆಟ್ಟಂತೆಯೇ. ಹುಟ್ಟಿದಾಗಿನಿಂದ ಕಂಡದ್ದೇ ಇದು, ನಮಗೆ ಬೇರೆ ತರಹ ನೋಡಲು ಬರುವುದೂ ಇಲ್ಲ.

"ಓಡ್ತಾ ಇರೋವಾಗ್ಲೇ ನೋಡ್ಬೇಕು ಅಮ್ಮಿಣಿ," ಎಂದು ಅತ್ತೆ, ಈ ಕಡೆ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ಕರೆದು, ಮಿಷಿನ್ ಮುಂದೆಯೂ ನನಗೆ ಹೇಳುತ್ತಿದ್ದರು. "ಮುಗ್ದ ಅಪ್ಪುರ ನೋಡಿ ಏನು ಪ್ರಯೋಜನ?"

ನಾನು ನೋಡುತ್ತಿದ್ದೆ. ಆ ಮೊದಲ ಮಿಷಿನ್ನು ಗಾಜಿನ ಟ್ಯೂಬಿನದು. ಅದರ ಬೆನ್ನಲ್ಲಿ ಉದ್ದನೆಯ ಟ್ಯೂಬು, ಟ್ಯೂಬು ಕಾಯದಂತೆ ಸದಾ ನೀರು ಹರಿಯಬೇಕು. ನಾವು ಪೇಂಟಿನ ಖಾಲಿ ಡಬ್ಬದಲ್ಲಿ ನೀರು ತುಂಬಿ ಸಣ್ಣ ಪಂಪು ಇಳಿಬಿಟ್ಟಿದ್ದೆವು. ಮೇಲೆ ತೆಳು ಅಕ್ರಿಲಿಕ್ ಮುಚ್ಚಳ, ಗಾಜಿನ ಹಾಗೆ ಒಳಗಿನದೆಲ್ಲ ಕಾಣುತ್ತಿತ್ತು. ಬೆಳಕು ಕಣ್ಣಿಗೆ ಕೆಟ್ಟದ್ದಲ್ಲವೇ ಎಂದು ಮೊದಲ ದಿನವೇ ಕೇಳಿದ್ದೆ. ಇವರು ಒಂದು ಅಕ್ರಿಲಿಕ್ ತುಂಡನ್ನು ಬೆಳಕಿಗೆ ಅಡ್ಡ ಇಟ್ಟು, ಅದರ ಕೆಳಗೊಂದು ಕಾಗದ ಇಟ್ಟು, ಪವರ್ ತಗ್ಗಿಸಿ ಒಂದು ಕ್ಷಣ ಬಿಟ್ಟರು. ಅಕ್ರಿಲಿಕ್ ಮೇಲೆ ಬಿಳಿ ಗುಳಿ ಬಿತ್ತು. ಕಾಗದಕ್ಕೆ ಏನೂ ಆಗಿರಲಿಲ್ಲ.

"ನೋಡ್ದ್ಯಾ? ಈ ಷೀಟೇ ಅದನ್ನ ಕುಡ್ದು ಬಿಡ್ತದೆ. ಆಚೆ ಬರೋಕೆ ಬಿಡೋದಿಲ್ಲ," ಎಂದರು.

ಅದು ನಿಜವೇ. ಆ ಮಿಷಿನ್ನಿಗೆ ಅದು ನೂರಕ್ಕೆ ನೂರು ನಿಜ. ವರ್ಷಗಟ್ಟಲೆ ಆ ಮುಚ್ಚಳದ ಮೇಲೆ ಬಾಗಿ ಕೂತು ನೋಡಿದೆ, ಕಣ್ಣಿಗೆ ಒಂದು ದಿನವೂ ಏನೂ ಆಗಲಿಲ್ಲ. ಅಕ್ರಿಲಿಕ್ ಇದ್ದರೆ ಲೇಸರಿನ ಭಯವಿಲ್ಲ ಎಂಬುದು ನಮ್ಮಿಬ್ಬರ ತಲೆಯಲ್ಲೂ ಹಾಗೆ ಕೂತುಬಿಟ್ಟಿತು.

ಹೋಲಿಕೆಯ ಪ್ರಶ್ನೆ ತಂದವಳು ಒಂದು ಎಕ್ಸ್‌ಪೋರ್ಟ್ ಕಂಪನಿಯ ಮರ್ಚಂಡೈಸರ್ ಹುಡುಗಿ. ಹೊರದೇಶದ ಗಿರಾಕಿಗೆ ಚರ್ಮದ ತುಂಡಿನ ಮೇಲೂ ಸ್ಟೀಲ್ ಬಿಲ್ಲೆಯ ಮೇಲೂ ಒಂದೇ ಗುರುತು ಬೇಕಂತೆ, ಅಕ್ಷರ ಸಾಸಿವೆಗಿಂತ ಸಣ್ಣದು. ಬೇರೆ ಬೇರೆ ಮಿಷಿನ್ನಿನಲ್ಲಿ ಮಾಡಿ ತೋರಿಸಿ, ಯಾವುದು ಒಪ್ಪಿಗೆಯಾಗುತ್ತದೋ ಅದೇ ಇಡೀ ಸೀಸನ್ನಿಗೆ ಎಂದಳು. ಗಾಜಿನ ಟ್ಯೂಬಿನ ಮಿಷಿನ್ನು ಬರೀ ಸ್ಟೀಲಿನ ಮೇಲೆ ಏನೂ ಮಾಡಲಾರದು. ಹಾಗಾಗಿ ಇವರು ಶರವಣಂಪಟ್ಟಿಯ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಮುಗಿಸಿ ಬಿಸಾಡಲಿದ್ದ ಒಂದು ಡಯೋಡ್ ಲೇಸರ್ ತಂದರು. ಕೊಯಮತ್ತೂರಿನ ಒಬ್ಬ ವ್ಯಾಪಾರಿಯಿಂದ, ನೋಡಿ ಹೇಳುತ್ತೇವೆ ಎಂಬ ಮಾತಿನ ಮೇಲೆ, ಬಳಸಿದ ಒಂದು ಫೈಬರ್ ಲೇಸರ್ ತಂದರು.

ಫೈಬರ್ ಮಿಷಿನ್ನಿಗೆ ಮುಚ್ಚಳವೇ ಇರಲಿಲ್ಲ. ಒಂದು ಮೇಜು, ಒಂದು ಕಂಬ, ಕಂಬಕ್ಕೆ ನೇತುಹಾಕಿದ, ಬೆಳಕು ಬಿಡುವ ತಲೆ, ಅಷ್ಟೇ. ಅದರ ಜೊತೆ ಕನ್ನಡಕ ಬರಬೇಕಿತ್ತಂತೆ. ಬರಬೇಕಿತ್ತು ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಬೆಳಕು ಹೀಗೆ ಬಯಲಲ್ಲಿ ಓಡುವುದನ್ನು ನೋಡಿ ಇವರಿಗೇ ಸರಿ ಕಾಣಲಿಲ್ಲ. ನನ್ನ ಗಂಡನ ಬಗ್ಗೆ ನಾನು ನೂರು ದೂರು ಹೇಳಬಲ್ಲೆ, ಅಜಾಗರೂಕರು ಎಂದು ಮಾತ್ರ ಹೇಳಲಾರೆ. ಎರಡು ದಿನ ಬೇರೆ ಕೆಲಸವನ್ನೆಲ್ಲ ಬಿಟ್ಟು ಆ ಮೇಜಿನ ಸುತ್ತ ಒಂದು ಪೆಟ್ಟಿಗೆ ಕಟ್ಟಿದರು. ಪಾರದರ್ಶಕ ಅಕ್ರಿಲಿಕ್, ಹಳೆಯ ಮುಚ್ಚಳಕ್ಕಿಂತ ದಪ್ಪನೆಯದು. ಅಂಚುಗಳನ್ನು ಉಜ್ಜಿ ನುಣುಪು ಮಾಡಿ, ಬಾಗಿಲಿಗೆ ಕೀಲು ಹಾಕಿದ್ದರು.

"ನೀನು ಪಕ್ಕತ್ತಲ್ಲಿ ಕೂತು ನೋಡ್ತೀಯಲ್ಲ, ಅದಕ್ಕೇ ದಪ್ಪ ಷೀಟು," ಎಂದರು. ಪೆಟ್ಟಿಗೆ ಚೆನ್ನಾಗಿದೆ ಎಂದು ನಾನೂ ಹೇಳಿದೆ. ನಾನು ಅಪರೂಪಕ್ಕೆ ಹೊಗಳುವವಳಾದ್ದರಿಂದ ಅವರಿಗೆ ಅಂದೆಲ್ಲ ಖುಷಿ.

ಹೋಲಿಕೆ ಶುರುವಾಯಿತು. ಈ ಕೆಲಸ ನನಗೆ ನಿಜವಾಗಿ ಇಷ್ಟವಾಗಿತ್ತು. ಎಳೆ ಎಣಿಸುವ ಹಳೆಯ ಭೂತಗನ್ನಡಿ ಹಿಡಿದು ಕೂರುತ್ತಿದ್ದೆ. ಡಯೋಡ್ ಲೇಸರಿನದು ನೀಲಿ ಬೆಳಕು, ಆಮೆ ನಡಿಗೆ. ಚರ್ಮದ ಮೇಲೆ ಕಡು ಕಂದು ಅಕ್ಷರ ಕೊಡುತ್ತಿತ್ತು. ಆದರೆ ಅಕ್ಷರದ ಅಂಚಿನಲ್ಲಿ ಸುಟ್ಟ ಕರಿ, ಬೆರಳಿಟ್ಟರೆ ಅಂಟುತ್ತಿತ್ತು. ಸಣ್ಣ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಯೇ ಹೋಗುತ್ತಿತ್ತು. ಸ್ಟೀಲಿನ ಮೇಲೆ ಅದು ಉಗುರಿನಲ್ಲಿ ಗೀರಿದಷ್ಟೂ ಕಾಣಲಿಲ್ಲ. ಗಾಜಿನ ಟ್ಯೂಬಿನ ಮಿಷಿನ್ನು ಚರ್ಮಕ್ಕೆ ಎಲ್ಲಕ್ಕಿಂತ ಚೆನ್ನ. ಆಳ ಒಂದೇ ಸಮ, ಅಂಚು ಮೃದು, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಹೊಗೆಯ ಕಲೆಯೂ ಹೋಗುತ್ತದೆ. ಸ್ಟೀಲಿಗೆ ಒಂದು ಬಗೆಯ ಕಪ್ಪು ಸ್ಪ್ರೇ ಹೊಡೆದು ಅದರಲ್ಲೇ ಮಾಡಿ ನೋಡಿದೆವು, ಅಕ್ಷರ ಬಂತು, ಆದರೆ ನಾಣ್ಯದಿಂದ ಕೆರೆದರೆ ಅಲ್ಲಲ್ಲಿ ಎದ್ದುಬಂತು. ಫೈಬರ್ ಚರ್ಮವನ್ನು ಹಾಳು ಮಾಡಿತು. ಆದರೆ ಸ್ಟೀಲಿನ ಮೇಲೆ, ಅಬ್ಬಾ, ಅದರ ಅಕ್ಷರವೇ ಅಕ್ಷರ. ಕೂದಲಿಗಿಂತ ಸಣ್ಣ ಗೆರೆ, ಮೂಲೆ ಮೂಲೆಯೂ ಚೂಪು, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಬಿಲ್ಲೆ ಮುಗಿದಿರುತ್ತಿತ್ತು.

ಅಕ್ರಿಲಿಕ್ಕನ್ನೂ ಮೂರರಲ್ಲೂ ಇಟ್ಟು ನೋಡಿದೆವು. ಟ್ಯೂಬಿನ ಮಿಷಿನ್ನು ಅದರ ಮೇಲೆ ಹಿಮದಂಥ ಬಿಳಿ ಅಕ್ಷರ ಬರೆಯಿತು. ಫೈಬರ್ ಏನೂ ಬರೆಯಲಿಲ್ಲ. ತುಂಡನ್ನು ಎತ್ತಿ ನೋಡಿದರೆ ಅಕ್ಷರ ಕೆಳಗಿನ ಲೋಹದ ಹಲಗೆಯ ಮೇಲೆ ಮೂಡಿತ್ತು. ಬೆಳಕು ಅಕ್ರಿಲಿಕ್ಕನ್ನು ಮುಟ್ಟದೆ ಅದರೊಳಗಿಂದ ಹಾದು ಹೋಗಿ ಹಲಗೆಯನ್ನು ಕೆತ್ತಿತ್ತು. ನಾವಿಬ್ಬರೂ ನಕ್ಕೆವು. "ಇದಕ್ಕೆ ಅಕ್ರಿಲಿಕ್ ಕಣ್ಣಿಗೇ ಕಾಣೋದಿಲ್ಲ," ಎಂದು ಇವರೇ ಹೇಳಿದರು. ಹಾಗೆ ಹೇಳಿ, ಆ ತುಂಡನ್ನು ಪಕ್ಕಕ್ಕಿಟ್ಟು, ಅಕ್ರಿಲಿಕ್ ಪೆಟ್ಟಿಗೆಯ ಬಾಗಿಲು ಹಾಕಿ, ಮುಂದಿನ ಬಿಲ್ಲೆಗೆ ಸ್ವಿಚ್ಚು ಒತ್ತಿದರು. ನಾನು ಪೆಟ್ಟಿಗೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ ಕೂತೆ.

ಈ ಮಾತು ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕಣ್ಣೆದುರೇ ಇತ್ತು. ಹಲಗೆಯ ಮೇಲೆ ಅಚ್ಚುಕಟ್ಟಾಗಿ ಬರೆದೇ ಇತ್ತು. ನಾವು ಅದನ್ನು ಕೆತ್ತನೆಯ ಗುಣ ಎಂದು ನೋಡಿದೆವು, ಬೆಳಕಿನ ಗುಣ ಎಂದು ನೋಡಲಿಲ್ಲ.

ಬಿಲ್ಲೆಗಳು ಕನ್ನಡಿಯಂತೆ ಹೊಳೆಯುವವು, ನಡುವೆ ಸ್ವಲ್ಪ ಉಬ್ಬು. ಆ ಉಬ್ಬಿಗೆ ಬಡಿದ ಬೆಳಕು ಎತ್ತ ಬೇಕಾದರತ್ತ ಹಾರುತ್ತದೆ ಎಂಬುದು ಈಗ ತಿಳಿದಿದೆ. ಒಂದು ಮಧ್ಯಾಹ್ನ ನೋಡುತ್ತಾ ಕೂತಿದ್ದಾಗ ಬಲಗಣ್ಣಿನೊಳಗೆ ಫೋಟೋ ಫ್ಲ್ಯಾಶ್ ಹೊಡೆದಂತಾಯಿತು. ನೋವಿಲ್ಲ, ಉರಿಯಿಲ್ಲ. ಕಣ್ಣುಜ್ಜಿಕೊಂಡೆ, ಎದ್ದು ನೀರು ಕುಡಿದೆ, ಮತ್ತೆ ಕೂತೆ. ಅದಕ್ಕೆ ಕೆಲವು ದಿನ ಮೊದಲು ಇವರೂ ಹಾಗೆಯೇ ಎದ್ದು ಹೋಗಿ ಮುಖ ತೊಳೆದು ಬಂದಿದ್ದರು. ಧೂಳು ಎಂದಿದ್ದರು.

ಮರುದಿನ ಭೂತಗನ್ನಡಿ ಬಲಗಣ್ಣಿಗೆ ಹಿಡಿದು ಹೊಸ ಬಿಲ್ಲೆ ನೋಡಿದರೆ ಹೆಸರಿನ ನಡುವಿನ ಅಕ್ಷರ ಮಸುಕು. ಎರಡು ಬದಿಯ ಅಕ್ಷರಗಳು ಚೂಪಾಗಿವೆ, ನಡುವಿನದು ಕಲಸಿಹೋಗಿದೆ. ಇನ್ನೊಂದು ನೋಡಿದೆ, ಅದೂ ಹಾಗೇ. ಇಡೀ ತಟ್ಟೆ ಹಾಗೇ.

"ಇದೇನ್ರೀ, ನಡುವೆ ಮಸುಕಾಗ್ತಾ ಇದೆ. ಫೋಕಸ್ ಹೋಗಿದೆಯಾ ನೋಡಿ," ಎಂದೆ.

ಇವರು ಬಿಲ್ಲೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಆಮ," ಎಂದರು ತಮಿಳಿನಲ್ಲಿ. ಆಮೇಲೆ ಉಸಿರು ಬಿಟ್ಟು, "ನಂಗೂ ಹಂಗೇ ಕಾಣ್ತದೆ. ಲೆನ್ಸೇ ಇರ್ಬೇಕು," ಎಂದರು.

ಇಬ್ಬರಿಗೂ ಕಂಡ ಮೇಲೆ ಇನ್ನೇನು ಅನುಮಾನ? ಲೆನ್ಸ್ ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸಿದರು. ಎತ್ತರ ಏರಿಸಿದರು, ಇಳಿಸಿದರು. ಒಂದೊಂದು ಬದಲಾವಣೆಗೂ ಒಂದೊಂದು ಬಿಲ್ಲೆ, ಪ್ರತಿ ಬಿಲ್ಲೆಯನ್ನೂ ಕೆತ್ತುತ್ತಿರುವಾಗಲೇ ಬಾಗಿ ಬಾಗಿ ನೋಡುವುದು. ಎಲ್ಲಿ ಮಸುಕಾಗುತ್ತದೆ ಎಂದು ಹಿಡಿಯಬೇಕಲ್ಲ. ನಾನು ಅಡಿಗೆಗೆ ಹೋದಾಗಲೂ ಇವರು ಪೆಟ್ಟಿಗೆಯ ಮುಂದೆಯೇ ಇರುತ್ತಿದ್ದರು.

ಅತ್ತೆಗೆ ಹಿಂದಿನ ವರ್ಷವಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿತ್ತು. ಒಂದು ದಿನ ಅವರೇ ತಟ್ಟೆಯಿಂದ ಒಂದು ಬಿಲ್ಲೆ ಎತ್ತಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಮಸುಕೂ ಇಲ್ಲ ಗಿಸುಕೂ ಇಲ್ಲ, ಚೆನ್ನಾಗ್ ತಾನೇ ಇದೆ," ಎಂದರು. "ಸುಮ್ನೆ ಮಿಷಿನ್ನ ಯಾಕೆ ಬೈತೀರಿ?"

"ನಿಮಗೆ ಈಗ ಎಲ್ಲಾನೂ ಚೆನ್ನಾಗೇ ಕಾಣುತ್ತೆ ಅತ್ತೆ," ಎಂದು ನಾನು ಚುಚ್ಚಿದೆ. ಇವರೂ ನಕ್ಕರು. ಅತ್ತೆ ಬಿಲ್ಲೆಯನ್ನು ತಟ್ಟೆಗೆ ಎಸೆದು ಮನೆಯೊಳಗೆ ಹೋದರು.

ಮರ್ಚಂಡೈಸರ್ ಹುಡುಗಿ ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಕೊನೆಗೆ ನಾನೇ ಫೋನು ಕಿತ್ತುಕೊಂಡು ಕೊಯಮತ್ತೂರಿನ ವ್ಯಾಪಾರಿಗೆ ನನಗೆ ಬರುವ ತಮಿಳೆಲ್ಲ ಸುರಿದು ಬೈದೆ. ಎರಡು ದಿನ ಬಿಟ್ಟು ಅವನು ಒಬ್ಬ ಮೆಕ್ಯಾನಿಕ್ಕನ್ನು ಕಳಿಸಿದ.

ಮೆಕ್ಯಾನಿಕ್ ನಡುವಯಸ್ಸಿನವನು, ಮಾತು ಕಡಿಮೆ. ಒಂದು ಬಿಲ್ಲೆ ಕೆತ್ತಿ, ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ನನ್ನ ಮುಂದೆ ಹಿಡಿದ. ಎಲ್ಲಿ ಮಸುಕು ತೋರಿಸಿ ಅಕ್ಕಾ ಎಂದು ತಮಿಳಿನಲ್ಲಿ ಕೇಳಿದ. ನಾನು ಭೂತಗನ್ನಡಿಗೆ ಮಾಡುವಂತೆ ಎಡಗಣ್ಣು ಮುಚ್ಚಿ ನಡುವಿನ ಅಕ್ಷರಕ್ಕೆ ಬೆರಳಿಟ್ಟೆ. ಅವನು ಚಿತ್ರವನ್ನು ಪಕ್ಕಕ್ಕೆ ಸರಿಸಿದ. ಈಗ ನಡುವೆ ಬೇರೆ ಅಕ್ಷರ ಬಂದಿತ್ತು, ಮಸುಕು ಅದರ ಮೇಲೆ ಕೂತಿತ್ತು. ಮತ್ತೆ ಸರಿಸಿದ. ನಾನು ಎಲ್ಲಿ ನೋಡಿದರೆ ಅಲ್ಲಿ ಮಸುಕು. ಎಡಗಣ್ಣು ತೆರೆದೆ. ಅಕ್ಷರಗಳೆಲ್ಲ ಚಾಕುವಿನಲ್ಲಿ ಕೊಯ್ದಂತೆ ಚೂಪಾಗಿದ್ದವು.

ಮೆಕ್ಯಾನಿಕ್ ನನ್ನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಬೆರಳಿನಿಂದ ಅದನ್ನು ತಟ್ಟಿದ. ಇದರೊಳಗಿಂದ ನೋಡುತ್ತೀರಾ ಎಂದು ಕೇಳಿದ. ಹೌದು ಎಂದೆ. ಅವನು ಹೋಗಿ ಗೋಡೆಯ ಮೆಯಿನ್ ಸ್ವಿಚ್ಚನ್ನೇ ಆರಿಸಿದ. ಆಮೇಲೆ ನಿಧಾನವಾಗಿ, ಆ ಟ್ಯೂಬಿನ ಮಿಷಿನ್ನಿನ ಬೆಳಕನ್ನು ತಡೆಯುವ ಷೀಟು ಈ ಮಿಷಿನ್ನಿನ ಬೆಳಕನ್ನು ತಡೆಯುವುದಿಲ್ಲ, ಇದಕ್ಕೆ ಬೇರೆಯೇ ಹಸಿರು ಷೀಟು, ಬೇರೆಯೇ ಕನ್ನಡಕ, ಈ ಪೆಟ್ಟಿಗೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ ಅಕ್ಕಾ, ನೀವು ಕಂಡದ್ದು ಸ್ಟೀಲಿನ ಕಿಡಿ ಮಾತ್ರ ಎಂದ. ಇವರು ಗೋಡೆಗೆ ಆತು ನಿಂತಿದ್ದರು.

ಮಾರನೆಯ ಬೆಳಿಗ್ಗೆ ಕೊಯಮತ್ತೂರಿನ ಕಣ್ಣಿನ ಆಸ್ಪತ್ರೆಗೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಮಾತಿರಲಿಲ್ಲ ಎಂದಲ್ಲ, ಬೇಕಾದಷ್ಟಿತ್ತು. ನೀವೇ ಕಟ್ಟಿದಿರಿ, ನೀವೇ ಕೂರಿಸಿದಿರಿ, ಅಕ್ರಿಲಿಕ್ ಅದಕ್ಕೆ ಕಾಣುವುದಿಲ್ಲ ಎಂದು ನೀವೇ ಹೇಳಿದಿರಿ. ಕಣ್ಣು ನನ್ನದು ಹೋಯಿತು, ನಿಮಗೇನು. ಹೀಗೆ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ. ಡಾಕ್ಟರು ಏನು ಹೇಳುತ್ತಾರೋ ಕೇಳಿಕೊಂಡು, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಅಷ್ಟನ್ನೂ ಇವರ ಮುಖದ ಮೇಲೆ ಹೇಳಬೇಕೆಂದಿದ್ದೆ. ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕೂರಲಿ ಎಂದುಕೊಂಡೆ.

ಡಾಕ್ಟರು ಹೆಂಗಸು. ಕಣ್ಣಿಗೆ ಹನಿ ಹಾಕಿಸುವುದಕ್ಕೆ ಮೊದಲು ಒಂದು ಚೌಕಳಿ ಕಾಗದ ಕೊಟ್ಟು, ಒಂದೊಂದೇ ಕಣ್ಣಿನಲ್ಲಿ ನಡುವಿನ ಚುಕ್ಕೆ ನೋಡಲು ಹೇಳಿದರು. ಸೀರೆಯ ಡಿಸೈನ್ ಬರೆಯುವ ಗ್ರಾಫ್ ಕಾಗದದ ಹಾಗೇ ಇತ್ತು. ಎಡಗಣ್ಣಿಗೆ ಎಲ್ಲ ಗೆರೆಯೂ ನೇರ. ಬಲಗಣ್ಣಿಗೆ ನಡುವಿನ ಚುಕ್ಕೆಯೇ ಇಲ್ಲ, ಅದರ ಸುತ್ತ ಗೆರೆಗಳು ಸೊಟ್ಟಗಾಗಿ ಕುಸಿದಿದ್ದವು. ಆಮೇಲೆ ಹನಿ, ಸ್ಕ್ಯಾನ್. ಕಣ್ಣಿನ ಹಿಂಭಾಗದಲ್ಲಿ, ಸಣ್ಣದನ್ನು ನೋಡುವ ಜಾಗದಲ್ಲೇ ಸುಟ್ಟಿದೆ, ಅದು ಮತ್ತೆ ಬೆಳೆಯುವುದಿಲ್ಲ, ಎಡಗಣ್ಣಿಗೆ ಏನೂ ಆಗಿಲ್ಲ ಎಂದರು. ಅಳು ಬಂದುಬಿಟ್ಟಿತು. ಎಷ್ಟು ತಡೆದರೂ ನಿಲ್ಲಲಿಲ್ಲ.

ಅತ್ತು ಮುಗಿಸಿ ತಲೆ ಎತ್ತಿದರೆ, ಇವರು ಮೇಜಿನ ಮೇಲಿದ್ದ ಆ ಚೌಕಳಿ ಕಾಗದವನ್ನು ಎತ್ತಿಕೊಂಡಿದ್ದರು. ಒಂದು ಕಣ್ಣಿಗೆ ಕೈ ಅಡ್ಡ ಹಿಡಿದರು. ಆಮೇಲೆ ಇನ್ನೊಂದಕ್ಕೆ. ಮತ್ತೆ ಮೊದಲಿನದಕ್ಕೆ. ಡಾಕ್ಟರು ಅದನ್ನು ನೋಡಿ, ನನ್ನನ್ನು ಎಬ್ಬಿಸಿ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದರು.

ಅವರ ಸ್ಕ್ಯಾನು ಆಗುವವರೆಗೂ ನಾನು ಬಾಗಿಲ ಬಳಿ ನಿಂತಿದ್ದೆ. ಯಾವಾಗಿನಿಂದ ಹೀಗೆ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. ಇವರು ಉತ್ತರವನ್ನು ನನಗೆ ಹೇಳಿದರು, ನಮ್ಮ ಮನೆಯ ಮಾತಿನಲ್ಲೇ.

"ನಿನಗಿಂತ ಮುಂಚೇನೇ. ಎಡಗಣ್ಣಲ್ಲಿ. ಬಯ ಆಗಿತ್ತು, ಯಾರ್‌ಗೂ ಹೇಳ್ಲಿಲ್ಲ. ಆಸ್ಪತ್ರೆಗೆ ಹೋಗೋಣ ಅಂತಾನೇ ಇದ್ದೆ. ಅವತ್ತು ನೀನು ಬಿಲ್ಲೆ ನೋಡಿ ನಡುವೆ ಮಸುಕು ಅಂದೆಯಲ್ಲ, ಅಪ್ಪಾ, ನನ್ನ ಕಣ್ಣಲ್ಲ, ಮಿಷಿನ್ನೇ ಅಂತ ನೆಮ್ಮದಿ ಆಗೋಯ್ತು. ನೀನು ನೋಡಿ ಹೇಳಿದ ಮೇಲೆ ಇನ್ನೇನು ಅಂತ ಇದ್ದುಬಿಟ್ಟೆ."

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಇವರ ಎರಡೂ ಕಣ್ಣಿನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಎಡಗಣ್ಣಿನ ಗಾಯ ಹಳೆಯದು, ಆಗಲೇ ಒಣಗಿದೆ, ಬಲಗಣ್ಣಿನದು ಹೊಸದು, ಮೊನ್ನೆ ಮೊನ್ನೆ ಆದದ್ದು, ಇನ್ನೂ ರಕ್ತ ಆರಿಲ್ಲ ಎಂದು ನನಗೆ ತೋರಿಸಿದರು. ನನ್ನ ಮಾತು ಕೇಳಿ ಇವರು ನೆಮ್ಮದಿಯಾಗಿ, ಲೆನ್ಸ್ ಒರೆಸಿ ಒರೆಸಿ ಬಾಗಿ ನೋಡಿದ ದಿನಗಳಲ್ಲಿ ಆದದ್ದು ಅದು.

ಮೆಟ್ಟಿಲು ಇಳಿಯುವಾಗ ಇವರು ನನ್ನ ಭುಜ ಹಿಡಿದುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ, ತಿರುಪ್ಪೂರು ಬಸ್ಸು ಯಾವುದು ಎಂದು ನನ್ನನ್ನೇ ಕೇಳಿದರು. ಬೋರ್ಡು ನಮ್ಮ ಮುಂದೆಯೇ ಇತ್ತು. ಇದೇ ಬಸ್ಸು, ಹತ್ತಿ ಎಂದೆ.